ಮಕ್ಕಳ ಸಿಟ್ಟು, ಅಳು ಮತ್ತು ಬೇಸಿಗೆ ಶಿಬಿರ

(ಶಿವಮೊಗ್ಗದ ರವೀಂದ್ರನಗರದಲ್ಲಿ, ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಸೇರಿಸಲು ಹಳ್ಳಿಗಳಿಂದ ಬಂದಿದ್ದ ತಂದೆತಾಯಿಗಳೆದುರು ಮಾಡಿದ ಭಾಷಣ)



ಹಾಲು ಕರೆದು, ತೋಟಕ್ಕೆ ನೀರು ಬಿಟ್ಟು, ಬೆಳಗಿನ ಬಸ್ಸು ಹಿಡಿದು ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಆದಕಾರಣ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ. ಬೇಸಿಗೆ ಶಿಬಿರದಲ್ಲಿ ಮಕ್ಕಳು ಹಾಡು, ಚಿತ್ರ, ನಾಟಕ, ಆಟಗಳನ್ನು ಕಲಿಯುತ್ತಾರೆಂಬುದು ತಮಗೆ ತಿಳಿದೇ ಇದೆ. ಇವುಗಳ ನಡುವೆ ಅಲ್ಲಿ ಇನ್ನೊಂದು ವಿದ್ಯೆಯೂ ನಡೆಯುತ್ತದೆ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ. ಸಿಟ್ಟು ಬಂದಾಗ ಕೈ ಎತ್ತದೆ ನಿಲ್ಲುವುದು, ಸೋತಾಗ ಆಟ ಬಿಟ್ಟು ಓಡದಿರುವುದು, ಅಳು ಬಂದರೆ ಅತ್ತು ಆಮೇಲೆ ತಾನೇ ಸುಧಾರಿಸಿಕೊಳ್ಳುವುದು, ತನ್ನ ಸರದಿ ಬರುವ ತನಕ ಕಾಯುವುದು, ಇವೇ ಆ ವಿದ್ಯೆ. ಐದಾರು ವರ್ಷದಿಂದ ಹತ್ತು ವರ್ಷದ ಒಳಗಿನ ಮಕ್ಕಳಿಗೆ ಇದನ್ನು ಕಲಿಸಲು ಬರುತ್ತದೆಯೇ? ಬರುವುದಾದರೆ ಹೇಗೆ? ಶಿಬಿರ ಮುಗಿದು ಮಗು ಊರಿಗೆ ಮರಳಿದ ಮೇಲೆ ಮನೆಯವರು ಮಾಡಬೇಕಾದುದೇನು? ಈ ದಿನ ನಾನು ಮಾತನಾಡುವುದು ಇಷ್ಟನ್ನೇ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಮಗು ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳುವುದು ಬೇರೆ, ನಾವು ಗದರಿ ಅದರ ಬಾಯಿ ಮುಚ್ಚಿಸುವುದು ಬೇರೆ. ಕೆರೆಯನ್ನು ನೋಡಿರಿ. ಏರಿ ಎಷ್ಟೇ ಗಟ್ಟಿಯಾಗಿದ್ದರೂ ತೂಬು ಕೋಡಿಗಳಿಲ್ಲದ ಕೆರೆ ಒಂದು ದೊಡ್ಡ ಮಳೆಗೆ ಒಡೆಯುತ್ತದೆ. ನೀರನ್ನು ತಡೆಯುವುದು ಎಷ್ಟು ಮುಖ್ಯವೋ ಬೇಕಾದಾಗ ಬೇಕಾದಷ್ಟೇ ಬಿಡುವುದೂ ಅಷ್ಟೇ ಮುಖ್ಯ. ಹೆದರಿಕೆಯಿಂದ ಅಳು ನುಂಗಿದ ಮಗು ನಮಗೆ ಒಳ್ಳೆಯ ಮಗುವಾಗಿ ಕಾಣುತ್ತದೆ. ಮರುದಿನ ಅದೇ ಮಗು ತನಗಿಂತ ಚಿಕ್ಕವನಿಗೆ ಮರೆಯಲ್ಲಿ ಚಿವುಟುವುದನ್ನೂ ಕಂಡಿದ್ದೇವೆ.

ಎರಡನೆಯ ಮಾತು, ಮಕ್ಕಳಿಗೆ ಇದು ಏಕೆ ಇಷ್ಟು ಕಷ್ಟ ಎಂಬುದು. ಮುಂದಾಲೋಚನೆ ಮಾಡುವ, ದುಡುಕನ್ನು ತಡೆಯುವ ಕೆಲಸ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಮಿದುಳಿನಲ್ಲಿ ಎಲ್ಲಕ್ಕಿಂತ ತಡವಾಗಿ ಬಲಿಯುವುದು ಆ ಭಾಗವೇ. ಅದು ಪೂರ್ತಿ ಬಲಿಯುವಾಗ ಮನುಷ್ಯನಿಗೆ ಇಪ್ಪತ್ತೈದು ವರ್ಷದ ಆಸುಪಾಸು ಆಗಿರುತ್ತದೆ. ಅಂದಮೇಲೆ ಆರು ವರ್ಷದ ಹುಡುಗ ಬುಗುರಿ ಕಸಿದುಕೊಂಡವನಿಗೆ ಹೊಡೆದರೆ ಅವನು ಕೆಟ್ಟವನೆಂದು ತೀರ್ಮಾನಿಸಬೇಕಾಗಿಲ್ಲ. ನೆಟ್ಟ ಮರುವರ್ಷವೇ ಅಡಿಕೆ ಗೊನೆ ಬಿಡಲಿಲ್ಲವೆಂದು ಸಸಿಯನ್ನು ಯಾರೂ ಬೈಯುವುದಿಲ್ಲವಷ್ಟೆ.

ಹಾಗಾದರೆ ಅಲ್ಲಿಯವರೆಗೆ ಮಗು ಏನು ಮಾಡಬೇಕು? ದೊಡ್ಡವರಿಂದ ಸಾಲ ಪಡೆಯುತ್ತದೆ. ಈ ಮಾತನ್ನು ನಿಮಗೆ ಹೇಳುವುದು ಸುಲಭ, ಪಟ್ಟಣದವರಿಗೆ ಹೇಳುವುದೇ ಕಷ್ಟ. ಹೊಸ ಹೋರಿಯನ್ನು ನೊಗಕ್ಕೆ ಕಟ್ಟುವಾಗ ಏನು ಮಾಡುತ್ತಿದ್ದೆವು? ಎರಡು ಹೊಸ ಹೋರಿಗಳನ್ನು ಒಟ್ಟಿಗೆ ಹೂಡುತ್ತಿರಲಿಲ್ಲ. ಪಳಗಿದ ಎತ್ತಿನ ಪಕ್ಕದಲ್ಲಿ ಹೂಡುತ್ತಿದ್ದೆವು. ಹೋರಿ ಬೆದರಿ ಎಳೆದಾಡಿದರೂ ಎತ್ತು ತನ್ನ ನಡಿಗೆ ಬಿಡುವುದಿಲ್ಲ. ನಾಲ್ಕು ದಿನದಲ್ಲಿ ಹೋರಿಗೂ ಆ ನಡಿಗೆ ಹತ್ತುತ್ತದೆ. ರಚ್ಚೆ ಹಿಡಿದ ಮಗುವಿನ ಪಕ್ಕದಲ್ಲಿ ದೊಡ್ಡವರು ಕೂಗಾಡದೆ, ಬಿಟ್ಟೂ ಹೋಗದೆ ನಿಂತರೆ ನಡೆಯುವುದು ಅದೇ. ಟ್ರಾಕ್ಟರು ಬಂದ ಮೇಲೆ ಹೋರಿ ಪಳಗಿಸುವ ಕೆಲಸ ಅನೇಕ ಊರುಗಳಲ್ಲಿ ನಿಂತುಹೋಗಿದೆ, ಆದರೆ ಹಿರಿಯರಿಗೆ ಅದರ ನೆನಪು ಮಾಸಿಲ್ಲ.

ಈಗ ಶಿಬಿರದ ಒಳಗೆ ಏನು ಮಾಡುತ್ತೇವೆಂದು ಹೇಳುತ್ತೇನೆ.

ಮೊದಲ ಎರಡು ದಿನ ಹೆಸರಿಡುವ ಕೆಲಸ. ಮಗುವಿನ ಒಳಗೆ ಏನೋ ಕುದಿಯುತ್ತಿರುತ್ತದೆ, ಅದೇನೆಂದು ಅದಕ್ಕೆ ಗೊತ್ತಿರುವುದಿಲ್ಲ. ಹೆಸರು ಸಿಕ್ಕಿದರೆ ಅರ್ಧ ಭಾರ ಇಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಮಾತು ಬಡವಲ್ಲ. ಸಿಟ್ಟು ಬೇರೆ, ಮುನಿಸು ಬೇರೆ, ಸೆಡವು ಬೇರೆ, ಹಟ ಬೇರೆ. ಸಿಟ್ಟು ಬಂದವನು ಎದುರಿಗೆ ಬರುತ್ತಾನೆ. ಮುನಿಸಿಕೊಂಡವನು ಮೂಲೆ ಸೇರುತ್ತಾನೆ, ಯಾರಾದರೂ ಬಂದು ಕರೆಯಲಿ ಎಂದು ಕಿವಿ ಮಾತ್ರ ಈಚೆಗೆ ಇಟ್ಟಿರುತ್ತಾನೆ. ಅಂಜಿಕೆ, ಅಳುಕು, ನಾಚಿಕೆ, ಹೊಟ್ಟೆಕಿಚ್ಚು, ಬೇಸರ, ದುಗುಡ, ಸಂಕಟ, ಇವೆಲ್ಲ ನಿಮ್ಮ ಮನೆಯ ಅಜ್ಜಿಯರು ದಿನವೂ ಆಡುವ ಮಾತುಗಳು. ಪಟ್ಟಣದ ಎಷ್ಟೋ ಮಕ್ಕಳಿಗೆ ಇವೆಲ್ಲಕ್ಕೂ ಸೇರಿಸಿ "ಬೋರು" ಎಂಬ ಒಂದೇ ಮಾತು ಉಳಿದಿದೆ! ಶಿಬಿರದಲ್ಲಿ ಮಕ್ಕಳನ್ನು ಸುತ್ತ ಕೂರಿಸಿ, "ಈ ಹೊತ್ತು ನಿನ್ನ ಹೊಟ್ಟೆಯೊಳಗೆ ಏನಿದೆ ಹೇಳು ನೋಡೋಣ" ಎಂದು ಕೇಳುತ್ತೇವೆ. ಮೊದಲ ದಿನ ಎಲ್ಲರೂ "ಅವಲಕ್ಕಿ" ಎಂದು ನಗುತ್ತಾರೆ. ನಗಲಿ. ಮೂರನೆಯ ದಿನಕ್ಕೆ ಯಾರೋ ಒಂದು ಮಗು, "ಅಮ್ಮ ನೆನಪಾಗ್ತಾಳೆ ಮೇಷ್ಟ್ರೇ, ಸಂಕಟ ಆಗ್ತದೆ" ಎಂದು ಹೇಳುತ್ತದೆ. ಉಳಿದವರು ನಗುವುದನ್ನು ನಿಲ್ಲಿಸುತ್ತಾರೆ.

ಎರಡನೆಯದು ಉಸಿರು. ಹೂವನ್ನು ಮೂಸುವ ಹಾಗೆ ನಿಧಾನವಾಗಿ ಉಸಿರೆಳೆದುಕೊಳ್ಳುವುದು, ದೀಪ ಆರಿಸುವ ಹಾಗೆ ನಿಧಾನವಾಗಿ ಬಿಡುವುದು. ಹೀಗೆ ನಾಲ್ಕು ಸಲ. ಇಷ್ಟರಿಂದ ಏನಾದೀತು ಎಂದು ಕೆಲವರಿಗೆ ಅನ್ನಿಸಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆಲೆನಾ ಒಬ್ರಾಡೊವಿಚ್ ಮತ್ತು ಸಂಗಡಿಗರು 2021ರಲ್ಲಿ ಇದರ ಪರೀಕ್ಷೆಯನ್ನು ಪ್ರಕಟಿಸಿದರು. ಏಳು ವರ್ಷದ ಆಸುಪಾಸಿನ 342 ಮಕ್ಕಳು. ಪರೀಕ್ಷೆ ನಡೆದದ್ದು ಪ್ರಯೋಗಶಾಲೆಯಲ್ಲಲ್ಲ, ಮಕ್ಕಳ ವಸ್ತುಸಂಗ್ರಹಾಲಯ, ಆಟದ ಬಯಲು ಮತ್ತು ಬೇಸಿಗೆ ಶಿಬಿರಗಳಲ್ಲಿ, ಗದ್ದಲದ ನಡುವೆಯೇ. ಒಂದು ನಿಮಿಷದಷ್ಟು ಕಾಲ ಈ ರೀತಿ ನಾಲ್ಕು ಸಲ ಉಸಿರಾಡಿದ ಮಕ್ಕಳ ಎದೆಬಡಿತ ಇಳಿಯಿತು. ಉಸಿರಾಡದೆ ಬರಿಯ ಚಿತ್ರ ನೋಡಿದ ಮಕ್ಕಳಲ್ಲಿ ಹಾಗಾಗಲಿಲ್ಲ. ಖರ್ಚಿಲ್ಲ, ಸಾಮಾನಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಮಗು ನೆಲಕ್ಕೆ ಬಿದ್ದು ಹೊರಳಾಡುವಾಗ, "ಉಸಿರು ಎಳೆದುಕೋ, ಉಸಿರು ಎಳೆದುಕೋ" ಎಂದು ಅದರ ಕಿವಿಯಲ್ಲಿ ಕೂಗಿದರೆ ಫಲವಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯುತ್ತೀರಿ? ಮಳೆ ಹಿಡಿಯುವುದಕ್ಕೆ ಮುಂಚೆ. ಕಾಯಿ ಉದುರತೊಡಗಿದ ಮೇಲೆ ದೋಟಿ ಹಿಡಿದು ಓಡಾಡಿ ಎಷ್ಟು ಉಳಿಸಿಕೊಂಡೀರಿ? ಉಸಿರಿನ ಅಭ್ಯಾಸವೂ ಹಾಗೆಯೇ, ಮಗು ಸಂತೋಷವಾಗಿರುವಾಗ, ಬೆಳಗ್ಗೆ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ ಆಗಬೇಕು. ಬಿರುಗಾಳಿ ಎದ್ದಾಗ ನಾವು ಪಕ್ಕದಲ್ಲಿ ಕುಳಿತು ನಾವೇ ನಿಧಾನವಾಗಿ ಉಸಿರಾಡಿದರೆ ಸಾಕು.

ಮೂರನೆಯದು ಆಟ. ನಿಮ್ಮ ಅಂಗಳದ ಕೆರೆ–ದಡ ಆಟವನ್ನೇ ತೆಗೆದುಕೊಳ್ಳಿ. ಒಂದು ಗೆರೆ, ಈಚೆ ದಡ, ಆಚೆ ಕೆರೆ. "ಕೆರೆ" ಎಂದರೆ ಹಾರಬೇಕು, "ದಡ" ಎಂದರೆ ಮರಳಬೇಕು. ಕೂಗುವವನು ಜಾಣ, "ಕೆರೆ, ದಡ, ಕೆರೆ, ಕೆರೆ" ಎನ್ನುತ್ತಾನೆ. ಕಾಲು ಮುಂದಾಗಿಯೇ ಹಾರಿರುತ್ತದೆ. ಹಾರಲು ಎದ್ದ ಕಾಲನ್ನು ಹಿಡಿದು ನಿಲ್ಲಿಸುವುದಿದೆಯಲ್ಲ, ಹೊಡೆಯಲು ಎದ್ದ ಕೈಯನ್ನು ತಡೆಯುವ ಶಕ್ತಿಯೂ ಅದೇ. ಮಗುವಿಗೆ ಉಪದೇಶವೆನ್ನಿಸದೆ, ನಗುತ್ತ ಬೆವರುತ್ತ ಅದರ ಸಾಧನೆಯಾಗುತ್ತದೆ. ಆಟ ಕೈಗೆ ಹತ್ತಿದ ಮೇಲೆ ನಾವು ನಿಯಮವನ್ನು ತಿರುಗಿಸುತ್ತೇವೆ: "ಕೆರೆ" ಎಂದರೆ ದಡಕ್ಕೆ, "ದಡ" ಎಂದರೆ ಕೆರೆಗೆ. ಆಗ ನೋಡಬೇಕು ಅವರ ಒದ್ದಾಟ! ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮೆಗನ್ ಮೆಕ್ಲೆಲಂಡ್ ಮತ್ತು ಶಾನಾ ಟೋಮಿನಿ ಎಂಬ ಇಬ್ಬರು ಇಂಥದೇ ನಿಲ್ಲು–ಓಡು ಆಟಗಳನ್ನು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಆಡಿಸಿ 2011ರಲ್ಲಿ ಫಲಿತಾಂಶ ಬರೆದರು. ಹತೋಟಿಯಲ್ಲಿ ಮೊದಲು ಎಲ್ಲರಿಗಿಂತ ಹಿಂದಿದ್ದ ಮಕ್ಕಳಿಗೇ ಅದರಿಂದ ಹೆಚ್ಚು ಪ್ರಯೋಜನವಾಯಿತು. ಊರಿನ ಆಟದಲ್ಲಿ ತಪ್ಪಿದವನನ್ನು ಹೊರಗೆ ಕೂರಿಸುತ್ತಾರೆ. ಶಿಬಿರದಲ್ಲಿ ಹಾಗೆ ಮಾಡುವುದಿಲ್ಲ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವನೇ ಮೊದಲು ಹೊರಗೆ ಕುಳಿತರೆ ಆಟದ ಉದ್ದೇಶವೇ ಕೆಟ್ಟಿತು. ಅಳಗುಳಿಮಣೆ, ಚೌಕಾಬಾರಗಳೂ ಒಳ್ಳೆಯವೇ. ಸರದಿ ಕಾಯುವುದನ್ನು ಅವು ಕಲಿಸುತ್ತವೆ.

ನಾಲ್ಕನೆಯದು ನಾಟಕ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಯುವ ಜನರೇ 1949ರಲ್ಲಿ ನೀನಾಸಂ ಕಟ್ಟಿದರು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೈಸೂರಿನಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ ಮಕ್ಕಳಿಗೆ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತ ಬಂದಿದೆ. ರವೀಂದ್ರನಗರ ಎಂದೊಡನೆ ನೆನಪಾಗುವ ರವೀಂದ್ರನಾಥ ಠಾಕೂರರು ಒಂದು ಕಥೆ ಬರೆದಿದ್ದಾರೆ. ಗಿಳಿಗೆ ವಿದ್ಯೆ ಕಲಿಸಬೇಕೆಂದು ಚಿನ್ನದ ಪಂಜರ ಮಾಡಿಸಿ, ಅದರ ಬಾಯಿಗೆ ಪುಸ್ತಕದ ಹಾಳೆ ತುರುಕಿ, ಕೊನೆಗೆ ಗಿಳಿಯನ್ನೇ ಕೊಲ್ಲುವ ಕಥೆ ಅದು. ಕಾರಂತರು ಅದನ್ನೇ 'ಪಂಜರ ಶಾಲೆ' ಎಂಬ ಮಕ್ಕಳ ನಾಟಕ ಮಾಡಿದರು. ಶಿಬಿರ ನಡೆಸುವ ನಮ್ಮಂಥವರು ಆಗಾಗ ನೆನೆಯಬೇಕಾದ ನಾಟಕ.

ನಾಟಕದಿಂದ ಹತೋಟಿ ಬರುವುದು ಹೇಗೆ? ಕಿರೀಟ ಇಟ್ಟುಕೊಂಡ ಹುಡುಗ ಸಿಟ್ಟಿನ ರಾಜನಾಗಿ ಅಬ್ಬರಿಸುತ್ತಾನೆ. ಚಪ್ಪಾಳೆ ತಟ್ಟಿದೊಡನೆ ಕಿರೀಟ ತೆಗೆದು ನೀರು ಕುಡಿಯಲು ಓಡುತ್ತಾನೆ. ಸಿಟ್ಟನ್ನು ಹೊಕ್ಕು ಹೊರಬರುವ ಬಾಗಿಲು ಅವನಿಗೆ ಗೊತ್ತಾಯಿತು. ಪರದೆಯ ಹಿಂದೆ ತನ್ನ ಮಾತಿಗಾಗಿ ಉಸಿರು ಬಿಗಿಹಿಡಿದು ಕಾಯುವ ಮರದ ಪಾತ್ರದ ಹುಡುಗಿಯೂ ಕಡಮೆ ಕಲಿಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಶಿಬಿರದ ಕೆಲಸ. ಹತ್ತು ಹದಿನೈದು ದಿನದಲ್ಲಿ ನಾವು ಬೀಜ ಮೊಳೆಸಬಹುದು. ಗದ್ದೆಗೆ ನಾಟಿ ಆಗುವುದು ನಿಮ್ಮ ಮನೆಯಲ್ಲಿ. ಆ ವಿಚಾರಕ್ಕೆ ಬರೋಣ.

ಸ್ಟ್ಯಾನ್‌ಫರ್ಡ್‌ನಲ್ಲಿಯೇ 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಷೆಲ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, "ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಹೆಚ್ಚು ಮುಂದೆ ಬಂದರೆಂದು ಬಹಳ ಕಾಲ ಜಗತ್ತೆಲ್ಲ ಹೇಳಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು ಸುಮಾರು 900 ಮಕ್ಕಳ ಲೆಕ್ಕ ತೆಗೆದು ನೋಡಿದಾಗ ಆ ಸಂಬಂಧ ಅಷ್ಟು ದೊಡ್ಡದಲ್ಲವೆಂದು, ಮನೆಯ ಸ್ಥಿತಿಗತಿಯನ್ನು ಎಣಿಕೆಗೆ ತಂದರೆ ಅದು ಇನ್ನೂ ಬಹಳ ಸಣ್ಣದಾಗುತ್ತದೆಂದು ಕಂಡಿತು. ಮಿಠಾಯಿ ತಿಂದ ಮಗು ಹಾಳಾಯಿತೆಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ.

ಇದಕ್ಕಿಂತ ನನಗೆ ಮುಖ್ಯವೆನಿಸಿದ್ದು ರಾಚೆಸ್ಟರ್ ಎಂಬಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮಾಡಿದ, 2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗ. ಇದ್ದದ್ದು 28 ಮಕ್ಕಳು, ಅಷ್ಟೇ. ಮೊದಲು ಅವರಿಗೆ ಚಿತ್ರ ಬಿಡಿಸಲು ಹಳೆಯ ಬಣ್ಣದ ಕಡ್ಡಿ ಕೊಟ್ಟು, "ತಾಳು, ಒಳ್ಳೆಯದನ್ನು ತಂದುಕೊಡುತ್ತೇನೆ" ಎಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ಮಾತಿನಂತೆ ತಂದುಕೊಟ್ಟರು. ಇನ್ನರ್ಧಕ್ಕೆ ಬರಿಗೈಯಲ್ಲಿ ಬಂದು, "ಇಲ್ಲವಂತೆ" ಎಂದರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕಾದದ್ದು 3 ನಿಮಿಷ. ಮಕ್ಕಳು ಬೇರೆ ಬೇರೆ ಜಾತಿಯ ಬೀಜಗಳೇನಲ್ಲ. ಎದುರಿಗಿದ್ದ ದೊಡ್ಡವರ ಮಾತು ನಂಬಲು ಯೋಗ್ಯವೇ ಅಲ್ಲವೇ ಎಂದು ಅವು ತೂಗಿ ನೋಡಿದುವು. ಸಂತೆಯಿಂದ ಬರುವಾಗ ಪೀಪಿ ತರುತ್ತೇನೆಂದು ಹೇಳಿ ಮರೆತು ಬರುವ ಅಪ್ಪಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ತರಲಾಗದಿದ್ದರೆ ಹೇಳಲೇಬೇಡಿ. ಹೇಳಿದಿರೋ, ಐದು ರೂಪಾಯಿಯದಾದರೂ ಸರಿ, ತಂದುಕೊಡಿ.

ರೈತರ ಮಕ್ಕಳ ಬಗ್ಗೆಯೇ ಒಂದು ಸಮಾಚಾರವಿದೆ. ಜರ್ಮನಿಯ ಬೆಟಿನಾ ಲಾಮ್ ಮತ್ತು ಸಂಗಡಿಗರು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಎನ್ಸೋ ಎಂಬ ಬೇಸಾಯಗಾರ ಜನರ ನಾಲ್ಕು ವರ್ಷದ ಮಕ್ಕಳಿಗೂ ಜರ್ಮನಿಯ ಪಟ್ಟಣದ ಮಕ್ಕಳಿಗೂ ಇದೇ ಪರೀಕ್ಷೆ ಮಾಡಿ 2017ರಲ್ಲಿ ತಿಳಿಸಿದರು. ಜರ್ಮನಿಯ ಮಕ್ಕಳಲ್ಲಿ ಕೊನೆಯವರೆಗೆ ಕಾದವರು ನೂರಕ್ಕೆ 28. ಎನ್ಸೋ ಮಕ್ಕಳಲ್ಲಿ ನೂರಕ್ಕೆ 70ರಷ್ಟು. ಕೆಲವರು ಕಾಯುತ್ತ ಕಾಯುತ್ತ ನಿದ್ದೆಯನ್ನೇ ಮಾಡಿಬಿಟ್ಟರಂತೆ! ಹಳ್ಳಿಯ ಮಕ್ಕಳಿಗೆ ಶಿಸ್ತು ಬಾರದು, ಅದನ್ನು ಪಟ್ಟಣದವರೇ ಕಲಿಸಬೇಕು ಎಂಬ ಮಾತಿಗೆ ಇದು ಸಾಕಷ್ಟು ಉತ್ತರ. ಆದರೆ ಆ ತಾಯಂದಿರು ಮಕ್ಕಳಿಂದ ವಿಧೇಯತೆಯನ್ನೂ ಹೆಚ್ಚಾಗಿ ಬಯಸುತ್ತಾರೆ. ಕಾಯುವುದನ್ನು ಕಲಿತ ಮಗು ತನ್ನ ನೋವನ್ನು ಬಾಯಿಬಿಟ್ಟು ಹೇಳಲೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ನಮಗೆ ಎರಡೂ ಬೇಕು.

ಇನ್ನು ಹೆದರಿಸುವ ವಿಷಯ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಪದವನ್ನು ನೀವೆಲ್ಲ ಕೇಳಿದ್ದೀರಿ. ದೇವರ ಮಗುವಾದರೂ ಹೆದರುತ್ತದೆಂದ ಮೇಲೆ ನಮ್ಮ ಮಕ್ಕಳ ಪಾಡೇನು! ಗುಮ್ಮ, ಪೊಲೀಸ್, ಸೂಜಿ ಚುಚ್ಚುವ ಡಾಕ್ಟರು ಎಂದು ಹೆದರಿಸಿದರೆ ಅಳು ನಿಲ್ಲುವುದು ನಿಜ. ಅಂಜಿಕೆ ಸಿಟ್ಟಿನ ಮೇಲೆ ಕುಳಿತದ್ದರಿಂದ ನಿಂತಿತೇ ಹೊರತು ಮಗು ಏನನ್ನೂ ಕಲಿತದ್ದರಿಂದ ಅಲ್ಲ. ಮುಂದೆ ನಿಜವಾಗಿ ಡಾಕ್ಟರ ಬಳಿಗೆ ಒಯ್ಯಬೇಕಾದಾಗ ಅದರ ಕಷ್ಟ ನಿಮಗೇ. ಹೊಡೆತದ ವಿಷಯವೂ ಹಾಗೆಯೇ. ಶಾಲೆಯಲ್ಲಿ ಮಕ್ಕಳಿಗೆ ದೇಹದಂಡನೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಮನೆಯಲ್ಲಿ ಹೊಡೆದು, "ತಮ್ಮನಿಗೆ ಹೊಡೆಯಬೇಡ" ಎಂದು ಹೇಳಿದರೆ ಮಗು ಯಾವುದನ್ನು ನಂಬಬೇಕು, ಮಾತನ್ನೋ ಕೈಯನ್ನೋ?

ಈಗಿನ ಹೊಸ ಗುಮ್ಮ ಮೊಬೈಲು. ಅಳುವ ಮಗುವಿನ ಕೈಗೆ ಅದನ್ನು ಕೊಟ್ಟರೆ ಮನೆ ಥಟ್ಟನೆ ಶಾಂತವಾಗುತ್ತದೆ. ಮಿಷಿಗನ್‌ನ ಜೆನ್ನಿ ರಡೆಸ್ಕಿ ಎಂಬ ಮಕ್ಕಳ ವೈದ್ಯರು ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ 422 ಮಕ್ಕಳನ್ನು ಗಮನಿಸಿ, ಸಮಾಧಾನಕ್ಕೆಂದು ಪದೇ ಪದೇ ಮೊಬೈಲು ಕೊಟ್ಟ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ತಿಂಗಳುಗಳು ಕಳೆದಂತೆ ರೇಗಾಟ ಹೆಚ್ಚಿದ್ದುದನ್ನು 2022ರ ಕೊನೆಯಲ್ಲಿ ವರದಿ ಮಾಡಿದರು. ಒಮ್ಮೊಮ್ಮೆ ಕೊಟ್ಟರೆ ಲೋಕ ಮುಳುಗುವುದಿಲ್ಲ. ಪ್ರತಿ ಅಳುವಿಗೂ ಅದೇ ಔಷಧವಾಗಬಾರದು, ಅಷ್ಟೆ.

ಎಲ್ಲಕ್ಕಿಂತ ಕಷ್ಟದ ಮಾತನ್ನು ಈಗ ಹೇಳಬೇಕಾಗಿದೆ. ತೋಟಕ್ಕೆ ಎಲೆಚುಕ್ಕೆ ರೋಗ ಬಂದ ವರ್ಷ, ಮೆಕ್ಕೆಜೋಳದ ದರ ಬಿದ್ದ ವರ್ಷ, ಸಂಘದ ಸಾಲದ ಕಂತು ಎದುರಿಗಿರುವಾಗ, ಮನೆಯ ಯಜಮಾನನ ಸಿಟ್ಟು ಎಲ್ಲಿ ಇಳಿಯುತ್ತದೆ? ತಾಟಿನ ಮೇಲೆ, ಹೆಂಡತಿಯ ಮೇಲೆ, ದನದ ಮೇಲೆ. ಕೆಲವರಿಗೆ ಅದು ಮದ್ಯದ ಅಂಗಡಿಯ ದಾರಿ ತೋರಿಸುತ್ತದೆ. ಚಾಪೆಯ ಮೇಲೆ ನಿದ್ದೆ ಹೋದಂತೆ ಮಲಗಿರುವ ಮಗು ಎಲ್ಲವನ್ನೂ ಕೇಳುತ್ತಿರುತ್ತದೆ. ಕಷ್ಟವೇ ಬರಬಾರದೆಂದು ನಾನು ಹೇಳಲಾರೆ, ಸಿಟ್ಟೇ ಬರಬಾರದೆಂದೂ ಹೇಳಲಾರೆ. ಆದರೆ ಹೀಗೆ ಒಂದು ಮಾತು ಹೇಳಬಹುದಲ್ಲ: "ಮಗಾ, ದರ ಬಿತ್ತು ಅಂತ ನಂಗೆ ಸಿಟ್ಟು ಬಂದದೆ. ನಿನ್ನ ಮೇಲಲ್ಲ. ಸ್ವಲ್ಪ ತೋಟದ ಕಡೆ ಹೋಗಿ ಬರ್ತೀನಿ." ಇಷ್ಟು ಹೇಳಿ ಎದ್ದು ಹೋದ ತಂದೆ, ಹೆಸರಿಡುವುದು, ದೂರ ಸರಿಯುವುದು, ಮರಳಿ ಬರುವುದು, ಈ ಮೂರನ್ನೂ ಮಗುವಿನ ಕಣ್ಣೆದುರೇ ಮಾಡಿ ತೋರಿಸಿದಂತಾಯಿತು. ನಮ್ಮ ಹದಿನೈದು ದಿನದ ಶಿಬಿರಕ್ಕೆ ಅಷ್ಟು ಶಕ್ತಿಯಿಲ್ಲ. ಜಗಳವಾಗಿಯೇ ಹೋದರೆ, ರಾಜಿಯಾದದ್ದೂ ಮಗುವಿನ ಕಣ್ಣಿಗೆ ಬೀಳಲಿ.

ಸಣ್ಣ ವಿಷಯಗಳು ಕೆಲವಿವೆ. ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದ ಮಗು ಹನ್ನೊಂದು ಗಂಟೆಗೆ ಜಗಳವಾಡಿದರೆ ಅದಕ್ಕೆ ಬೇಕಾದದ್ದು ಬುದ್ಧಿವಾದವಲ್ಲ, ರೊಟ್ಟಿ. ಆದ್ದರಿಂದ ಹೊಟ್ಟೆಗೆ ಹಾಕಿ ಕಳುಹಿಸಿ, ನೀರಿನ ಬಾಟಲಿ ಕೊಟ್ಟು ಕಳುಹಿಸಿ, ರಾತ್ರಿ ಬೇಗ ಮಲಗಿಸಿ. ನೆಂಟರ ಮನೆಯಲ್ಲಿ ಬಿಟ್ಟು ಹೋಗುವವರು ಮಗು ನೋಡದ ಹಾಗೆ ಕದ್ದು ಹೋಗಬೇಡಿ. ಹೇಳಿ, ಅತ್ತರೆ ಅಳಲಿ, ಇಂಥ ದಿನ ಬರುತ್ತೇನೆಂದು ತಿಳಿಸಿ, ಅದೇ ದಿನ ಬನ್ನಿ. ಪೇಟೆಗೆ ಕಳುಹಿಸಲಾಗದವರು ಬೇಸರಪಡಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಅಂದರೆ ಅರಿವು ಕೇಂದ್ರಗಳಲ್ಲಿಯೂ ಬೇಸಿಗೆ ಶಿಬಿರಗಳು ನಡೆದಿವೆ. ಏಪ್ರಿಲ್ ಮೊದಲಲ್ಲೇ ಅಲ್ಲಿ ವಿಚಾರಿಸಿ. ಕೆರೆ–ದಡಕ್ಕಂತೂ ಒಂದು ಗೆರೆ ಸಾಕು.

ಕೆಲವು ಮಕ್ಕಳಿಗೆ ಇಷ್ಟು ಸಾಲದು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಬೆಚ್ಚಿಬೀಳುವುದು, ತನ್ನನ್ನು ತಾನೇ ಹೊಡೆದುಕೊಳ್ಳುವುದು, ಮಾತನ್ನೇ ಬಿಡುವುದು ಕಂಡುಬಂದರೆ ದೃಷ್ಟಿ ತೆಗೆದು ಸುಮ್ಮನಾಗದೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಗುವಿಗೆ ಯಾರಿಂದಾದರೂ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆಗಳಿಗೆ ಸಮಯ. ಮಧ್ಯಾಹ್ನದ ಬಸ್ಸಿಗೆ ಹೋಗುವವರು ಮೊದಲು ಕೇಳಬಹುದು.